ಜೌಗು ನೀರಿನ ಕ್ರೇಫಿಶ್ ಎಣಿಸಲು ಇಂಟರ್ನೆಟ್ ಸೆನ್ಸರ್ ಸಾಕಾ?

ನೀವು ಕೇಳಿದ್ದು ಇಷ್ಟು: ಕೀನ್ಯಾ, ಮಡಗಾಸ್ಕರ್‌ನಂಥ ಮುಂದುವರಿಯುತ್ತಿರುವ ದೇಶಗಳ ಜೌಗು ನೆಲದಲ್ಲಿ ಕ್ರೇಫಿಶ್ (ಸಿಗಡಿಯಂಥ ಮೈ, ದಪ್ಪ ಕೊಂಡಿ ಇರುವ ಸಿಹಿನೀರಿನ ಪ್ರಾಣಿ) ಹಬ್ಬುವುದನ್ನು ಇಂಟರ್ನೆಟ್‌ಗೆ ಜೋಡಿಸಿದ ಸೆನ್ಸರ್ ಇಟ್ಟು ತಿಳಿಯಬಹುದಾ? ನಮ್ಮ ಕಾಸರಗೋಡಿನ ಹೊಳೆಗಳಿಗೂ ಅಂಥದ್ದು ಬೇಕಾ?

ಸೆನ್ಸರ್ ನೀರಿನ ಸುದ್ದಿ ಹೇಳುತ್ತದೆ. ಪ್ರಾಣಿಯ ಲೆಕ್ಕ ಹೇಳುವುದಿಲ್ಲ. ಆ ಲೆಕ್ಕ ಗೊತ್ತಾಗುವುದು ಬಲೆ, ಕೂಳಿ (ಮೀನು ಹಿಡಿಯುವ ಬುಟ್ಟಿ) ಹಾಕುವವರಿಗೆ. ಅವರ ಜೇಬಿನ ಮೊಬೈಲಿಗಿಂತ ದೊಡ್ಡ ಸಾಧನ ಈ ಕೆಲಸಕ್ಕೆ ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ನಾನು ಕುಂಬಳೆ ಕಡೆಯವನು. ಅಡಿಕೆ ತೋಟದ ಪಂಪು, ಮಣ್ಣಿನ ತೇವ, ತೋಡಿನ (ಸಣ್ಣ ಹಳ್ಳದ) ಕಟ್ಟದಲ್ಲಿ ನಿಂತ ನೀರಿನ ಮಟ್ಟ, ಇವಕ್ಕೆಲ್ಲ ಸೆನ್ಸರ್ ಜೋಡಿಸಿ ಕೊಡುತ್ತೇನೆ. ಆ ಅನುಭವದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳಲ್ಲಿ ಏಡಿ ಇದೆ, ಸಿಗಡಿ ಇದೆ. ಕ್ರೇಫಿಶ್ ಇಲ್ಲಿಯದಲ್ಲ. ಇಡೀ ಭಾರತದಲ್ಲೇ ಮೂಲದಿಂದ ಇರುವ ಕ್ರೇಫಿಶ್ ಜಾತಿ ಒಂದೂ ಇಲ್ಲ. ಆಫ್ರಿಕಾದ ಮುಖ್ಯ ಭೂಮಿಯಲ್ಲೂ ಇರಲಿಲ್ಲ. 1970ರಲ್ಲಿ ಕೀನ್ಯಾದ ನೈವಾಶಾ ಸರೋವರಕ್ಕೆ ಅಮೆರಿಕ ಮೂಲದ ಕೆಂಪು ಕ್ರೇಫಿಶ್ ತಂದು ಬಿಟ್ಟರು, ಮೀನುಗಾರರಿಗೆ ಆದಾಯ ಆಗಲಿ ಅಂತ. 1980ರ ದಶಕ ಶುರುವಾಗುವ ಹೊತ್ತಿಗೆ ನೀರಿನಡಿಯ ಗಿಡಗಳೇ ಕಾಣೆಯಾಗಿದ್ದವು. ಆಮೇಲೆ ತಿನ್ನಲು ಸಿಗದೆ ಕ್ರೇಫಿಶ್ ಕಡಿಮೆಯಾಯಿತು. ಅದು ಕಡಿಮೆಯಾದಾಗ ಗಿಡ ಮತ್ತೆ ಚಿಗುರಿತು. ಗಿಡ ಬಂದ ಮೇಲೆ ಕ್ರೇಫಿಶ್ ಮತ್ತೆ ಜಾಸ್ತಿಯಾಯಿತು. ಹೀಗೆ ಏರಿಳಿಯುವ ಪ್ರಾಣಿಯನ್ನು ಒಂದು ವರ್ಷ ಎಣಿಸಿ ಬಿಟ್ಟರೆ ಏನೂ ತಿಳಿಯುವುದಿಲ್ಲ. ವರ್ಷಗಟ್ಟಲೆ ಬಿಡದೆ ನೋಡುವವರು ಬೇಕು.

ಅದಕ್ಕೇ ಅಲ್ವಾ ಸೆನ್ಸರ್ ಬೇಕಾದ್ದು ಅಂತ ನೀವು ಕೇಳಬಹುದು. ತೊಂದರೆ ಇರುವುದು ಇಲ್ಲೇ. ನೀರಿನ ಬಿಸಿ, ಉಪ್ಪಿನಂಶ, ಕರಗಿದ ಆಮ್ಲಜನಕ ಅಳೆಯುವ ಸೆನ್ಸರ್‌ಗಳು ಸಿಗುತ್ತವೆ. ಉಪ್ಪಿನಂಶದ ಸೆನ್ಸರ್ ನಮ್ಮಲ್ಲಿ ನಿಜಕ್ಕೂ ಉಪಯೋಗದ್ದು. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಯಲ್ಲಿ ಉಪ್ಪುನೀರು ಎಷ್ಟು ಮೇಲಕ್ಕೆ ಹತ್ತಿ ಬರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಆದರೆ ಕೆಂಪು ಕ್ರೇಫಿಶ್ ಆಮ್ಲಜನಕ ಕಡಿಮೆ ಇದ್ದರೂ ಬದುಕುತ್ತದೆ, ನೀರು ಬತ್ತಿದರೆ ಬಿಲ ತೋಡಿ ಒಳಗೆ ಕೂರುತ್ತದೆ, ನೆಲದ ಮೇಲೆ ನಡೆದು ಪಕ್ಕದ ಹೊಂಡಕ್ಕೆ ಹೋಗುತ್ತದೆ. ನೀರಿನ ಅಂಕಿ ನೋಡಿ ಅದು ಅಲ್ಲಿದೆಯೋ ಇಲ್ಲವೋ ಅಂತ ಹೇಳಲು ಆಗುವುದಿಲ್ಲ.

ಇನ್ನೊಂದು, ನಮ್ಮ ನೀರು ಸೆನ್ಸರನ್ನು ಸುಮ್ನೆ ಬಿಡುವುದಿಲ್ಲ. ಆಮ್ಲಜನಕದ ಸೆನ್ಸರನ್ನು ಬಿಸಿಲು ಬೀಳುವ ತೋಡಿನಲ್ಲಿ ಇಳಿಸಿ ಕೆಲವು ದಿನ ಬಿಟ್ಟು ಎತ್ತಿದರೆ, ತುದಿಯಲ್ಲಿ ಹಸಿರು ಲೋಳೆ ಕೂತಿರುತ್ತದೆ. ಆ ಲೋಳೆ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಎಳೆದುಕೊಳ್ಳುತ್ತದೆ. ಮೊಬೈಲಿನಲ್ಲಿ ಕಾಣುವ ಗ್ರಾಫು ತೋಡಿನದ್ದೋ ಲೋಳೆಯದ್ದೋ ಅಂತ ಗೊತ್ತಾಗುವುದಿಲ್ಲ. ಮೆತ್ತನೆ ಬ್ರಶ್ಶಿನಲ್ಲಿ ಒರೆಸಲು ಒಬ್ಬರು ಹೋಗಲೇಬೇಕು. ಹೇಗೂ ಹೋಗುವವರು ಕೂಳಿಯನ್ನೂ ಹಾಕಿ ಬರಬಹುದಲ್ಲ?

ಪ್ರಾಣಿಗೇ ಟ್ರಾನ್ಸ್‌ಮಿಟರ್ ಕಟ್ಟಬಹುದಾ ಅಂತಲೂ ಕೇಳಿದ್ದೀರಿ. ನಾವು ತೋಟದಲ್ಲಿ ಲೋರಾಗೆ (ಸೆನ್ಸರ್‌ನ ಅಂಕಿಯನ್ನು ದೂರಕ್ಕೆ ಕಳಿಸುವ ಏರ್ಪಾಡು) ಬಳಸುವ 865-867 ಮೆಗಾಹರ್ಟ್ಸ್ ರೇಡಿಯೋ ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತದೆ, ನೀರೊಳಗೆ ಇಳಿದರೆ ಬೇಗ ಸತ್ತು ಹೋಗುತ್ತದೆ. ಬ್ಯಾಟರಿ ಇಲ್ಲದ, ಅಕ್ಕಿಕಾಳಿನಷ್ಟು ಸಣ್ಣ ಪಿಟ್ ಟ್ಯಾಗ್ ಇದೆ, ಪ್ರಾಣಿಯ ಮೈಯೊಳಗೆ ಸೇರಿಸುವ ಗುರುತಿನ ಚಿಪ್ಪು. ಅದು ನೀರಿನಲ್ಲೂ ಓದಲು ಸಿಗುತ್ತದೆ, ಆದರೆ ಓದುವ ಯಂತ್ರವನ್ನು ತೀರಾ ಹತ್ತಿರ ತರಬೇಕು.

ಎಣಿಸುವ ಹಳೆಯ ದಾರಿಯೇ ಗಟ್ಟಿ. ಮೀನಿನ ತಲೆ ಕಟ್ಟಿದ ಕೂಳಿಯನ್ನು ಸಂಜೆ ಇಳಿಸಿ ಬೆಳಿಗ್ಗೆ ಎತ್ತುವುದು. ಸಿಕ್ಕ 100 ಕ್ರೇಫಿಶ್‌ಗಳ ಬಾಲದ ರೆಕ್ಕೆಯ ತುದಿ ಚೂರು ಕತ್ತರಿಸಿ ಬಿಟ್ಟಿರಿ ಅನ್ನೋಣ. ಮುಂದಿನ ಸಲ 80 ಸಿಕ್ಕಿ, ಅದರಲ್ಲಿ 20ಕ್ಕೆ, ಅಂದರೆ ಕಾಲು ಪಾಲಿಗೆ, ಗುರುತಿದ್ದರೆ, ಗುರುತು ಮಾಡಿದ 100 ಅಲ್ಲಿರುವ ಒಟ್ಟಿನ ಕಾಲು ಪಾಲು, ಹಾಗಾಗಿ ಅಲ್ಲಿ ಸುಮಾರು 400 ಇವೆ ಎಂದು ಲೆಕ್ಕ. ಚಿಪ್ಪಿಗೆ ಬಣ್ಣ ಹಚ್ಚಿದರೆ ಆಗದು, ಪೊರೆ ಕಳಚುವಾಗ ಗುರುತೂ ಹೋಗುತ್ತದೆ. ಕೂಳಿಗೆ ದೊಡ್ಡವೇ ಜಾಸ್ತಿ ಬೀಳುತ್ತವೆ, ಮರಿಗಳು ತಪ್ಪಿಸಿಕೊಳ್ಳುತ್ತವೆ. ಅದನ್ನು ನೆನಪಿಟ್ಟುಕೊಂಡು ಅಂಕಿ ಓದಬೇಕು. ನೈವಾಶಾದಂಥ ಕಡೆ ಹಾಕಿದ್ದೆಷ್ಟು ಕೂಳಿ, ಸಿಕ್ಕಿದ್ದೆಷ್ಟು ಎಂದು ಮೀನುಗಾರರು ದಿನಾ ಮೊಬೈಲಿನಲ್ಲಿ ಕಳಿಸುವ ಏರ್ಪಾಡು ಇದ್ದರೆ, ದುಬಾರಿ ಸೆನ್ಸರ್ ಸಾಲಿಗಿಂತ ನಾನು ಅದನ್ನೇ ನಂಬುತ್ತೇನೆ. ಆ ಕೆಲಸಕ್ಕೆ ಅವರಿಗೆ ಸಂಬಳವನ್ನೂ ಕೊಡಬೇಕು.

ನಮ್ಮ ಊರಿನ ವಿಷಯಕ್ಕೆ ಬಂದರೆ, ನನಗೆ ಹೆದರಿಕೆ ಅಕ್ವೇರಿಯಂನದ್ದು. ಮಾರ್ಬಲ್ಡ್ ಕ್ರೇಫಿಶ್ ಅಂತ ಒಂದಿದೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಮೊದಲು ಗಮನಕ್ಕೆ ಬಂತು. ಎಲ್ಲವೂ ಹೆಣ್ಣು, ಗಂಡಿಲ್ಲದೆ ಮರಿ ಮಾಡುತ್ತವೆ. ಒಂದೇ ಒಂದು ಸಾಕು. ಮಡಗಾಸ್ಕರ್‌ನ ಭತ್ತದ ಗದ್ದೆಗಳಲ್ಲಿ ಅದು ಹರಡಿದ್ದು ಹಾಗೇ. ಬಿಲ ತೋಡುವ ಹೊಸ ಪ್ರಾಣಿ ನಮ್ಮ ಬೈಲಿಗೆ ಬಂದರೆ ಗದ್ದೆಯ ಹುಣಿ (ಬದು) ಉಳಿಯುತ್ತದಾ? ಈಗ ಇರುವ ಏಡಿ ಮಾಡುವ ತೂತು ಮುಚ್ಚುವುದರಲ್ಲೇ ಸಾಕಾಗಿದೆ.

ಹಾಗಾಗಿ ಮನೆಯಲ್ಲಿ ನೀಲಿಯೋ ಕೆಂಪೋ ಕ್ರೇಫಿಶ್ ಸಾಕಿದವರು ದಯವಿಟ್ಟು ತೋಡಿಗೆ, ಕೆರೆಗೆ ಬಿಡಬೇಡಿ. ತೊಟ್ಟಿಯ ನೀರನ್ನೂ ಅಲ್ಲಿಗೆ ಚೆಲ್ಲಬೇಡಿ, ಕಣ್ಣಿಗೆ ಕಾಣದ ಮರಿ ಇರಬಹುದು. ಬಲೆಗೆ ಎರಡು ದಪ್ಪ ಕೊಂಡಿಯ, ಉದ್ದ ಬಾಲದ, ನೀವು ಹಿಂದೆ ನೋಡದ ಪ್ರಾಣಿ ಬಿದ್ದರೆ ವಾಪಸ್ ಎಸೆಯದೆ ಬಕೆಟ್ಟಿನಲ್ಲಿ ಇಡಿ. ಮೇಲಿನಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು ಫೋಟೋ ತೆಗೆದು, ಜಾಗದ ಲೊಕೇಶನ್ ಸೇರಿಸಿ ಐನ್ಯಾಚುರಲಿಸ್ಟ್ (ಪ್ರಾಣಿ, ಗಿಡಗಳನ್ನು ಗುರುತಿಸಿ ದಾಖಲಿಸುವ) ಆ್ಯಪ್‌ಗೆ ಹಾಕಿ, ಮೀನುಗಾರಿಕೆ ಇಲಾಖೆಯವರಿಗೂ ತೋರಿಸಿ.