ಓದುಗರ ಪ್ರಶ್ನೆಗೆ ಉತ್ತರ: ಕಚೇರಿಯ ಚಾಟ್ ಸರ್ವರ್ ಯಾರ ಮಾತು ಕೇಳುತ್ತದೆ?

ಪ್ರಶ್ನೆ: ನಮ್ಮದು ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘ. ಸಿಬ್ಬಂದಿಯ ಸಂದೇಶಗಳಿಗಾಗಿ ಚಾಟ್ ತಂತ್ರಾಂಶವೊಂದನ್ನು ನಮ್ಮದೇ ಸರ್ವರಿನಲ್ಲಿ ಹಾಕಿಕೊಂಡಿದ್ದೇವೆ. ಸದಸ್ಯರ ಖಾತೆಗಳಿರುವ ಯಂತ್ರ ಫೈರ್‌ವಾಲ್‌ನ ಒಳಗಿದೆ. ಹೊರಗಿನವರು ಅದನ್ನು ಮುಟ್ಟುವಂತಿಲ್ಲ. ಆದರೂ ಭದ್ರತಾ ತಪಾಸಣೆಯ ವರದಿಯಲ್ಲಿ ‘ಲಿಂಕ್ ಪ್ರಿವ್ಯೂನಲ್ಲಿ ಎಸ್‌ಎಸ್‌ಆರ್‌ಎಫ್ ದೋಷವಿದೆ’ ಎಂದು ಬರೆದಿದ್ದಾರೆ. ಚಾಟಿನಲ್ಲಿ ಮೂಡುವ ಒಂದು ಪುಟ್ಟ ಚಿತ್ರದಿಂದ ಖಾತೆಗಳಿಗೇನು ಅಪಾಯ?
– ಕಚೇರಿ ವ್ಯವಸ್ಥಾಪಕರು, ದಾವಣಗೆರೆ

ಉತ್ತರ: ವರದಿಯ ಮಾತನ್ನು ದಯವಿಟ್ಟು ಕಡೆಗಣಿಸಬೇಡಿ. ಎಸ್‌ಎಸ್‌ಆರ್‌ಎಫ್ ಎಂದರೆ ಸರ್ವರ್ ಸೈಡ್ ರಿಕ್ವೆಸ್ಟ್ ಫೋರ್ಜರಿ. ಹೊರಗಿನವರು ತಮಗೆ ಬೇಕಾದ ಕೋರಿಕೆಯನ್ನು ನಿಮ್ಮ ಸರ್ವರಿನಿಂದಲೇ, ಅದರ ಹೆಸರಿನಲ್ಲೇ ಹೊರಡುವಂತೆ ಮಾಡುವುದು. ಸಿಬ್ಬಂದಿಯೊಬ್ಬರು ಸುದ್ದಿಯ ಲಿಂಕ್ ಹಾಕಿದಾಗ ಅದರ ಕೆಳಗೆ ತಲೆಬರಹವೂ ಚಿತ್ರವೂ ಮೂಡುತ್ತವೆಯಲ್ಲ (ಅದೇ ಲಿಂಕ್ ಪ್ರಿವ್ಯೂ), ಅವನ್ನು ನಿಮ್ಮಲ್ಲಿರುವಂಥ ತಂತ್ರಾಂಶದಲ್ಲಿ ತರುವುದು ಓದುವವರ ಮೊಬೈಲ್ ಅಲ್ಲ, ಚಾಟ್ ಸರ್ವರ್. ಲಿಂಕಿನಲ್ಲಿರುವ ವಿಳಾಸಕ್ಕೆ ಅದೇ ಹೋಗಿ, ಪುಟವನ್ನು ಓದಿ, ಬೇಕಾದಷ್ಟನ್ನು ತಂದು ತೋರಿಸುತ್ತದೆ. ಪತ್ರಿಕೆಯ ವಿಳಾಸದ ಬದಲು 192.168.1.20 ಎಂಬಂಥ ನಿಮ್ಮ ಒಳಜಾಲದ ವಿಳಾಸವನ್ನು ಯಾರಾದರೂ ಬರೆದರೆ, ತಡೆಯುವ ಏರ್ಪಾಡಿಲ್ಲದ ಸರ್ವರ್ ಅಲ್ಲಿಗೂ ಹೋಗುತ್ತದೆ. ಸಂಘದ ಅಟೆಂಡರ್ ಕೈಗೆ ಅಪರಿಚಿತರು ಚೀಟಿ ಕೊಟ್ಟು ಕಡತ ತರಿಸಿಕೊಂಡಂತೆ ಇದು. ಅಟೆಂಡರ್ ಮುಖಪರಿಚಯದವನಾದ್ದರಿಂದ ಕಾವಲುಗಾರ ತಡೆಯುವುದಿಲ್ಲ.

ಒಳಜಾಲದಲ್ಲಿದೆ ಎಂಬ ಒಂದೇ ಧೈರ್ಯದ ಮೇಲೆ ರೂಟರ್, ಬ್ಯಾಕಪ್ ಮತ್ತು ಡೇಟಾಬೇಸ್ ನಿರ್ವಹಣೆಯ ಪುಟಗಳಿಗೆ ಪಾಸ್‌ವರ್ಡ್ ಇಡದೆ ಬಿಟ್ಟಿರುವ ಕಚೇರಿಗಳು ಬೇಕಾದಷ್ಟಿವೆ. ಅಪಾಯವಿರುವುದು ಅಲ್ಲಿ. ಪುಟದ ವಿವರ ಚಾಟಿನಲ್ಲಿ ಕಾಣದಿದ್ದರೂ ಸಮಾಧಾನಪಡುವಂತಿಲ್ಲ. ಉತ್ತರ ತಕ್ಷಣ ಬಂದಿತೇ, ತಡವಾಗಿ ಬಂದಿತೇ ಎಂಬುದರಿಂದಲೇ ಒಳಗೆ ಯಾವ ಯಂತ್ರವಿದೆ, ಅದರ ಯಾವ ಪೋರ್ಟ್ (ಸಂಪರ್ಕದ ಬಾಗಿಲು) ತೆರೆದಿದೆ ಎಂದು ಒಂದೊಂದಾಗಿ ಗುರುತು ಹಾಕಿಕೊಳ್ಳಲು ಸಾಧ್ಯ.

ಇದು ಸಣ್ಣ ತಂತ್ರಾಂಶಗಳ ಕೊರತೆಯಷ್ಟೇ ಎಂದೂ ತಿಳಿಯಬೇಡಿ. ಜಗತ್ತಿನ ಅಸಂಖ್ಯ ಕಚೇರಿಗಳ ಇಮೇಲ್ ನಡೆಸುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರಿಗೆ 2021ರ ಮಾರ್ಚ್ 2ರಂದು ತುರ್ತು ಪ್ಯಾಚ್‌ಗಳನ್ನು, ಅಂದರೆ ದೋಷ ಮುಚ್ಚುವ ತಿದ್ದುಪಡಿಗಳನ್ನು, ಬಿಡುಗಡೆ ಮಾಡಬೇಕಾಯಿತು. ‘ಪ್ರಾಕ್ಸಿಲಾಗಾನ್’ ಎಂದು ಹೆಸರಾದ ಆ ದಾಳಿಯ ಮೊದಲ ಮೆಟ್ಟಿಲು, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2021-26855 ಎಂಬ ಸಂಖ್ಯೆ ಪಡೆದ ಎಸ್‌ಎಸ್‌ಆರ್‌ಎಫ್ ದೋಷವೇ ಆಗಿತ್ತು. ಎಕ್ಸ್‌ಚೇಂಜ್‌ನ ಮುಂಭಾಗ ಹೊರಗಿನ ಕೋರಿಕೆಗಳನ್ನು ಪಡೆದು ಹಿಂಭಾಗಕ್ಕೆ ದಾಟಿಸುತ್ತದೆ. ದಾಳಿಕೋರರು ಲಾಗಿನ್ ಕೂಡ ಆಗದೆ, ಆ ಮುಂಭಾಗವು ತಾನೇ ಎಕ್ಸ್‌ಚೇಂಜ್ ಸರ್ವರ್ ಎಂಬ ಅಧಿಕಾರದಲ್ಲಿ ಹಿಂಭಾಗದೊಡನೆ ಮಾತನಾಡುವಂತೆ ಮಾಡಿದರು. ಅನಂತರ ಇನ್ನೊಂದು ದೋಷವನ್ನು ಬಳಸಿ, ದೂರದಿಂದಲೇ ಆಜ್ಞೆ ಕೊಡಲು ಅನುವಾಗುವ ವೆಬ್‌ ಶೆಲ್ ಕಡತಗಳನ್ನು ಸರ್ವರಿನಲ್ಲಿ ಇಟ್ಟುಹೋದರು. ಪ್ಯಾಚ್ ಹಾಕಿದರೆ ದೋಷ ಮುಚ್ಚುತ್ತಿತ್ತು, ಆದರೆ ಅದಕ್ಕೆ ಮೊದಲೇ ಇಟ್ಟ ಕಡತ ಅಲ್ಲೇ ಉಳಿಯುತ್ತಿತ್ತು; ಅಮೆರಿಕದಲ್ಲಿ ಎಫ್‌ಬಿಐ ನ್ಯಾಯಾಲಯದ ಅನುಮತಿ ಪಡೆದು ನೂರಾರು ಕಂಪ್ಯೂಟರುಗಳಿಂದ ಅವನ್ನು ತೆಗೆಯಬೇಕಾಯಿತು. ಆದ್ದರಿಂದ ನೀವು ಪ್ಯಾಚ್ ಹಾಕಿದ ದಿನವೇ ಹಿಂದಿನ ಲಾಗ್‌ಗಳನ್ನೂ (ಸರ್ವರಿನ ಚಟುವಟಿಕೆಯ ದಾಖಲೆಗಳು) ಓದಿಸಬೇಕು. ಚಾಟ್ ಸರ್ವರ್ ನಿಮ್ಮ ಒಳಜಾಲದ ವಿಳಾಸಗಳನ್ನು ಎಂದಾದರೂ ಕೇಳಿದೆಯೇ ಎಂಬುದು ಮೊದಲು ತಿಳಿಯಬೇಕಾದ ಸಂಗತಿ.

ಪ್ರಶ್ನೆ: ನಮ್ಮ ಕಾಲೇಜಿನ ಸಂದೇಶ ತಂತ್ರಾಂಶದಲ್ಲಿ 127, 10 ಮತ್ತು 192.168ರಿಂದ ಆರಂಭವಾಗುವ ವಿಳಾಸಗಳನ್ನು ನಿಷೇಧಿಸಿದ್ದೇವೆ. ಓಬವ್ವನ ಕಿಂಡಿಯಂತೆ ನುಸುಳುವ ಜಾಗ ಒಂದೇ. ಅದನ್ನು ಕಾದರೆ ಸಾಲದೇ?
– ಸಿಸ್ಟಂ ನಿರ್ವಾಹಕರು, ಚಿತ್ರದುರ್ಗ

ಉತ್ತರ: ನಿಮ್ಮ ಊರಿನ ಹೋಲಿಕೆ ಮನಮುಟ್ಟುವಂಥದ್ದು, ಆದರೆ ಇಲ್ಲಿಗೆ ಒಪ್ಪುವುದಿಲ್ಲ ಎಂದು ಹೇಳಲೇಬೇಕಾಗಿದೆ. ಕಿಂಡಿಯಲ್ಲಿ ತೂರಿ ಬಂದವರು ಹೈದರಾಲಿಯ ಸೈನಿಕರು. ಒಳಗೆ ತಲೆಹಾಕಿದವನು ಶತ್ರು ಎಂಬುದರಲ್ಲಿ ಓಬವ್ವನಿಗೆ ಸಂದೇಹವಿರಲಿಲ್ಲ. ಎಸ್‌ಎಸ್‌ಆರ್‌ಎಫ್‌ನಲ್ಲಿ ಶತ್ರು ಕೋಟೆಯೊಳಗೆ ಕಾಲಿಡುವುದೇ ಇಲ್ಲ. ಏಳೂ ಸುತ್ತಿನ ಬಾಗಿಲುಗಳನ್ನು ದಾಟಿ ಓಡಾಡುವುದು ಕೋಟೆಯದೇ ಆಳು. ಆದ್ದರಿಂದ ಒಳಬರುವ ದಾರಿಯನ್ನು ಎಷ್ಟು ಕಾದರೂ ಸಾಲದು, ಆ ಆಳು ಎಲ್ಲೆಲ್ಲಿಗೆ ಹೋಗಬಹುದು ಎಂಬುದಕ್ಕೆ ಗೆರೆ ಎಳೆಯಬೇಕು.

ನಿಷೇಧದ ಪಟ್ಟಿ ಏಕೆ ಸೋಲುತ್ತದೆಂದರೆ, ಒಂದೇ ವಿಳಾಸವನ್ನು ಹಲವು ರೀತಿಯಲ್ಲಿ ಬರೆಯಬಹುದು. 127.0.0.1 ಎಂಬುದನ್ನು (ಸರ್ವರ್ ತನ್ನನ್ನೇ ಕರೆಯುವ ವಿಳಾಸ) 2130706433 ಎಂದು ಒಂದೇ ಸಂಖ್ಯೆಯಾಗಿ ಬರೆದರೂ ಎಷ್ಟೋ ತಂತ್ರಾಂಶಗಳು ಅದೇ ಯಂತ್ರವನ್ನು ತಲುಪುತ್ತವೆ. ಐಪಿವಿ6 ಎಂಬ ಹೊಸ ಬಗೆಯ ವಿಳಾಸಗಳ ರೂಪಗಳು ಬೇರೆ ಇವೆ. 172.16ರಿಂದ 172.31ರವರೆಗಿನ ಖಾಸಗಿ ವಿಳಾಸಗಳಂತೂ ನಿಮ್ಮ ಪಟ್ಟಿಯಲ್ಲಿಯೇ ಇಲ್ಲ. ಇದಕ್ಕಿಂತ ಕಷ್ಟದ್ದು, ನಿರ್ದೋಷಿಯಂತೆ ಕಾಣುವ ಹೊರಗಿನ ತಾಣವೊಂದು ಮರುನಿರ್ದೇಶನದ ಮೂಲಕ ನಿಮ್ಮ ಸರ್ವರನ್ನು ಒಳಗಿನ ವಿಳಾಸಕ್ಕೆ ಕಳುಹಿಸುವುದು, ಅಥವಾ ಪರಿಶೀಲನೆಯ ಹೊತ್ತಿನಲ್ಲಿ ಒಂದು ಐಪಿಯನ್ನೂ (ಯಂತ್ರದ ಅಂಕೆಯ ವಿಳಾಸ) ಸಂಪರ್ಕದ ಹೊತ್ತಿನಲ್ಲಿ ಇನ್ನೊಂದನ್ನೂ ಕೊಡುವಂತೆ, ತಾಣದ ಹೆಸರನ್ನು ಐಪಿಗೆ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯ ಉತ್ತರವನ್ನು ಬದಲಿಸುವುದು. ಹಾಗಾಗಿ ಬರೆದ ಹೆಸರನ್ನು ನೋಡಿ ತೀರ್ಮಾನಿಸಬಾರದು; ಹೆಸರನ್ನು ಐಪಿಯಾಗಿ ಬಿಡಿಸಿ, ಆ ಐಪಿಯನ್ನು ಪರೀಕ್ಷಿಸಿ, ಅದಕ್ಕೇ ಸಂಪರ್ಕ ಮಾಡಿಸಿ, ಪ್ರತಿ ಮರುನಿರ್ದೇಶನಕ್ಕೂ ಇಷ್ಟನ್ನೂ ಹೊಸದಾಗಿ ಮಾಡಬೇಕು.

ಸಿದ್ಧ ತಂತ್ರಾಂಶದ ಒಳಗೆ ಇದನ್ನೆಲ್ಲ ತಿದ್ದುವುದು ನಿಮ್ಮ ಕೈಯಲ್ಲಿರದೆ ಇರಬಹುದು. ಆಗ ನನ್ನ ಸಲಹೆ ಸರಳ: ಪ್ರಿವ್ಯೂ ಇಲ್ಲದೆ ಕೆಲಸ ನಡೆಯುವುದಾದರೆ ಅದನ್ನು ನಿಲ್ಲಿಸಿಬಿಡಿ. ಬೇಕೇಬೇಕೆಂದಾದರೆ ಪ್ರಿವ್ಯೂ ತರುವ ಕೆಲಸವನ್ನು ಒಳಜಾಲಕ್ಕೆ ದಾರಿಯೇ ಇಲ್ಲದ ಬೇರೊಂದು ಯಂತ್ರಕ್ಕೆ ಒಪ್ಪಿಸಿ, ಅದು ಹೊರಗೆ ಹೋಗುವ ಸಂಪರ್ಕಗಳನ್ನು ಫೈರ್‌ವಾಲ್‌ನಲ್ಲಿಯೇ ಮಿತಿಗೊಳಿಸಿ. ವೆಬ್‌ಹುಕ್‌ಗಳನ್ನೂ (ಕೊಟ್ಟ ವಿಳಾಸಕ್ಕೆ ಸರ್ವರ್ ತಾನಾಗಿ ಸೂಚನೆ ಕಳುಹಿಸುವ ಏರ್ಪಾಡು), ಲಿಂಕ್ ಕೊಟ್ಟು ಚಿತ್ರ ಅಥವಾ ಕಡತ ಆಮದು ಮಾಡಿಕೊಳ್ಳುವ ಸೌಲಭ್ಯವನ್ನೂ ಮರೆಯಬೇಡಿ. ಅಲ್ಲಿಯೂ ವಿಳಾಸ ಬರೆಯುವವರು ಬಳಕೆದಾರರೇ. ಹೊರಹೋಗುವ ಕೋರಿಕೆಗಳ ಲಾಗ್ ಇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದೂ, ಅದು ಪಟ್ಟಿ ಮಾಡಿರುವ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಹೇಳುತ್ತದೆ.

ಪ್ರಶ್ನೆ: ನಮ್ಮ ಸರ್ವರ್ ಇರುವುದು ಕ್ಲೌಡ್‌ನಲ್ಲಿ, ಒಳಜಾಲವೇ ಇಲ್ಲ. ನಮಗೂ ಈ ಚಿಂತೆ ಬೇಕೇ?
– ಜವಳಿ ವ್ಯಾಪಾರಿ, ದಾವಣಗೆರೆ

ಉತ್ತರ: ಬೇಕು, ಮತ್ತು ಕೊಂಚ ಹೆಚ್ಚಾಗಿಯೇ ಬೇಕು. ಪ್ರಮುಖ ಕ್ಲೌಡ್‌ಗಳಲ್ಲಿ 169.254.169.254 ಎಂಬ ವಿಳಾಸದಿಂದ ಸರ್ವರ್ ತನ್ನ ಬಗೆಗಿನ ಮಾಹಿತಿಯನ್ನು ಕೇಳಿ ಪಡೆಯುತ್ತದೆ. ಸರ್ವರಿಗೆ ಅಧಿಕಾರ ಕೊಟ್ಟಿದ್ದರೆ ಅದರ ತಾತ್ಕಾಲಿಕ ಕೀಲಿಗಳೂ ಅಲ್ಲೇ ಸಿಗುತ್ತವೆ. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ 2019ರಲ್ಲಿ ಆದದ್ದು ಇದೇ. ಅಲ್ಲಿ ದಾರಿಯಾದದ್ದು ಚಾಟ್ ಅಲ್ಲ, ತಪ್ಪಾಗಿ ಹೊಂದಿಸಿದ್ದ ವೆಬ್ ಫೈರ್‌ವಾಲ್. ಅದರ ಮೂಲಕ ಕೀಲಿ ಪಡೆದವರ ಕೈಗೆ ಅಮೆರಿಕದ ಸುಮಾರು 10 ಕೋಟಿ ಜನರ, ಕೆನಡಾದ ಸುಮಾರು 60 ಲಕ್ಷ ಜನರ ವಿವರಗಳು ಸಿಕ್ಕವು. ಅದೇ ವರ್ಷದ ನವೆಂಬರಿನಲ್ಲಿ ಅಮೆಜಾನ್, ಮೊದಲು ಟೋಕನ್ (ತಾತ್ಕಾಲಿಕ ಗುರುತಿನ ಸಂಕೇತ) ಪಡೆದು ಆಮೇಲೆ ಮಾತ್ರ ಕೇಳಬಹುದಾದ ಐಎಮ್‌ಡಿಎಸ್‌ವಿ2 ಎಂಬ ವಿಧಾನವನ್ನು ತಂದಿತು. ಬರಿಯ ಲಿಂಕ್ ಕೊಟ್ಟು ಆ ಟೋಕನ್ ಪಡೆಯುವುದು ಸುಲಭವಲ್ಲ. ನೀವು ಬಳಸುತ್ತಿರುವುದು ಅಮೆಜಾನ್ ಆಗಿದ್ದರೆ ಈ ವಿಧಾನವನ್ನು ಕಡ್ಡಾಯ ಮಾಡಿಸಿ, ಚಾಟ್ ಸರ್ವರಿಗೆ ಕೊಟ್ಟಿರುವ ಅಧಿಕಾರವನ್ನು ಅದರ ಕೆಲಸಕ್ಕೆ ಬೇಕಾದಷ್ಟಕ್ಕೆ ಇಳಿಸಿ. ಕಡ್ಡಾಯ ಮಾಡುವ ಮುನ್ನ, ಹಳೆಯ ವಿಧಾನವನ್ನೇ ನೆಚ್ಚಿಕೊಂಡ ತಂತ್ರಾಂಶ ಆ ಸರ್ವರಿನಲ್ಲಿ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ. ಇದ್ದರೆ ಅದನ್ನು ಮೊದಲು ನವೀಕರಿಸಬೇಕಾಗುತ್ತದೆ.