ಆಯಿ ಸೀರೆನ ಆಂಪ್ ಪೆಟ್ಟಿಗೆಗೆ ಹೊದಿಸಬಹುದಾ?

ಪ್ರಶ್ನೆ: ಸರ್, ಕಾರವಾರದಲ್ಲಿ ನಮ್ಮನೆ ಕಡಲಿಗೆ ತೀರಾ ಹತ್ರ. ನಮ್ಮೂರ ಆಚಾರಿ ಹತ್ರ ಗಿಟಾರ್ ಸದ್ದು ಜೋರು ಮಾಡೋ ಆಂಪ್‌ಗೆ 18 ಎಂಎಂ ಪ್ಲೈವುಡ್‌ನಲ್ಲಿ ಒಂದು ಪೆಟ್ಟಿಗೆ ಮಾಡಿಸಿದ್ದೀನಿ. ಅಗಲ 20 ಇಂಚು, ಎತ್ತರ 18, ಆಳ 10, ಒಳಗೆ 12 ಇಂಚಿನ ಒಂದು ಸ್ಪೀಕರ್. ಬರೀ ಪ್ಲೈ ಕಾಣ್ತಿರೋದ್ರಿಂದ ಗೆಳೆಯರೆಲ್ಲ ಕೋಳಿಗೂಡು ಅಂತ ತಮಾಷೆ ಮಾಡ್ತಾರೆ. ಆಯಿಯದ್ದು ಒಂದು ಹಳೇ ಇಳಕಲ್ ಸೀರೆ ಇದೆ, ಅದನ್ನೇ ಸುತ್ತಲೂ ಅಂಟಿಸಿ ಮುಂದೆ ಸ್ಪೀಕರ್ ಮೇಲೂ ಹಾಕಬಹುದಾ? ಯಾವ ಗಮ್ ತಗೊಳ್ಳಲಿ?
(ಒಬ್ಬ ಓದುಗ, ಕಾರವಾರ)

ಉತ್ತರ: ಮೊದಲು ಆಯಿನ ಕೇಳಿದ್ರಾ ಮಾರಾಯ್ರೆ? ಅವರು ಹೂಂ ಅಂದ್ರೆ ಮುಂದಿನದ್ದು ಓದಿ.

ಪೆಟ್ಟಿಗೆ ಮೈಗೆ ಹೊದಿಸೋ ಬಟ್ಟೆ ಬೇರೆ, ಸ್ಪೀಕರ್ ಮುಂದಿನ ಬಟ್ಟೆ ಬೇರೆ. ಮೈ ಬಟ್ಟೆ ತಿಕ್ಕಾಟ ಪೆಟ್ಟು ತಡ್ಕೋಬೇಕು, ಮುಂದಿನದು ಗಾಳಿ ಬಿಡಬೇಕು. ಸೀರೆನ ತುಟಿ ಹತ್ರ ಹಿಡಿದು ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋದ್ರೆ ಸ್ಪೀಕರ್ ಮುಂದೆ ಹಾಕಿ, ತಡೆದ್ರೆ ಬೇಡ, ಗಿಟಾರಿನ ಮೇಲಿನ ಸ್ವರಗಳೆಲ್ಲ ಕಂಬಳಿ ಒಳಗಿಂದ ಬಂದ ಹಾಗೆ ಕೇಳ್ತವೆ. ಇಳಕಲ್ ಸೀರೆ ನೇಯ್ಗೆ ಸಾಮಾನ್ಯವಾಗಿ ಒತ್ತಾಗಿರುತ್ತೆ, ಸೆರಗಂತೂ ರೇಷ್ಮೆ, ಹಾಗಾಗಿ ನನಗೆ ಭರವಸೆ ಕಮ್ಮಿ.

ಮೈಗೆ ಅಂಟಿಸೋದಾದ್ರೆ ತೆಳು ಬಟ್ಟೆಗೆ ಒಂದೇ ತೊಂದರೆ, ಗಮ್ ಈಚೆ ಇಣುಕಿ ಕಲೆ ಬೀಳುತ್ತೆ, ಆ ಕಲೆ ಯಾವ ಸಾಬೂನಿಗೂ ಹೋಗಲ್ಲ. ಟೈಲರ್ ಹತ್ರ ಹೋಗಿ ಶರ್ಟ್ ಕಾಲರ್‌ಗೆ ಇಸ್ತ್ರಿ ಮಾಡಿ ಅಂಟಿಸ್ತಾರಲ್ಲ ಆ ಕ್ಯಾನ್ವಾಸ್ ಸೀರೆ ಹಿಂದೆ ಹಾಕಿಸ್ಕೊಂಡು ಬನ್ನಿ, ಆಮೇಲೆ ಬಿಳಿ ಫೆವಿಕಾಲ್ ತೆಳುವಾಗಿ ಮರಕ್ಕೆ ಮಾತ್ರ ಬಳಿದು ಕೂರಿಸಿ. ಬಟ್ಟೆ ಹೊದ್ದ ಆಂಪ್ ಹೊಸದೇನಲ್ಲ, 1950ರ ದಶಕದ ಫೆಂಡರ್ ಅನ್ನೋ ಅಮೆರಿಕದ ಕಂಪನಿ ಆಂಪ್‌ಗಳ ಮೈಮೇಲಿನ ಹಳದಿ ಬಟ್ಟೆನ ಟ್ವೀಡ್ ಅಂತಾರೆ, ಟ್ವೀಡ್ ಅಂದ್ರೆ ಉಣ್ಣೆ ಬಟ್ಟೆ, ಆದ್ರೆ ಇದು ಅಸಲಿಗೆ ಉಣ್ಣೆಯೇ ಅಲ್ಲ, ಆ ಕಾಲದಲ್ಲಿ ಸೂಟ್‌ಕೇಸ್‌ಗೆ ಹಾಕ್ತಿದ್ದ ಥರದ ಹತ್ತಿ ಬಟ್ಟೆ. ಕೊಳೆ ಕೂರದಿರಲಿ ಅಂತ ಮೇಲೆ ವಾರ್ನಿಶ್ ಥರದ ಲ್ಯಾಕರ್ ಹೊಡೀತಿದ್ರು. 1960ರ ಹೊತ್ತಿಗೆ ಅವರೂ ಟೋಲೆಕ್ಸ್ ಅನ್ನೋ ವಿನೈಲ್‌ಗೆ ಬದಲಾದ್ರು, ಅಂದ್ರೆ ನಮ್ಮ ರೆಕ್ಸಿನ್‌ನ ದಾಯಾದಿ.

ನಾನಾದ್ರೆ ನಿಮ್ಮ ಜಾಗದಲ್ಲಿ ಮೈಗೆ ರೆಕ್ಸಿನ್ನೇ ಹಾಕ್ತಿದ್ದೆ. ಬೈಕ್ ಸೀಟು, ಸೋಫಾ ಹೊಲಿಯೋ ಕುಶನ್ ಅಂಗಡೀಲಿ ಸಿಗುತ್ತೆ. ನಿಮ್ಮ ಅಳತೆಗೆ ಸುತ್ತಳತೆ 76 ಇಂಚು, ಜೋಡಣೆಗೆ 2 ಸೇರಿಸಿ 78. ಪಟ್ಟಿ ಅಗಲ ಆಳದ 10 ಇಂಚು, ಒಳಗೆ ಮಡಚೋಕೆ ಮುಂದೆ ಹಿಂದೆ ಎರಡೆರಡು, ಒಟ್ಟು 14. ಜೋಡಣೆ ತಳಕ್ಕೆ ಬರೋ ಹಾಗೆ ಶುರು ಮಾಡಿ, ತಳ ಯಾರೂ ನೋಡಲ್ಲ. ಅದಕ್ಕೂ ಮೊದಲು ಅಂಚುಗಳನ್ನೆಲ್ಲ ಅರ, ಪಾಲಿಶ್ ಪೇಪರ್ ಹಿಡಿದು ಗುಂಡಗೆ ಮಾಡ್ಕೊಳ್ಳಿ, ಚೂಪು ಅಂಚಿನ ಮೇಲೆ ರೆಕ್ಸಿನ್ ಬೇಗ ಸವೆದು ಹರಿಯುತ್ತೆ. ಮೂಲೇಲಿ ಒಳಕ್ಕೆ ಮಡಚಿದಾಗ ಎರಡು ಪದರ ಒಂದರ ಮೇಲೊಂದು ಕೂತು ಗುಡ್ಡೆ ಆಗುತ್ತಲ್ಲ, ಅಲ್ಲಿ ಎರಡನ್ನೂ ಒಟ್ಟಿಗೇ 45 ಡಿಗ್ರಿಗೆ ಹೊಸ ಬ್ಲೇಡಲ್ಲಿ ಕುಯ್ದು ಮೇಲಿನದೂ ಕೆಳಗಿನದೂ ಎರಡೂ ಚೂರು ತೆಗೆದುಬಿಡಿ, ಉಳಿದದ್ದು ಕೂದಲೆಳೆ ಸಂದಿಲ್ಲದೆ ಕೂಡುತ್ತೆ. ಹಳೇ ಬ್ಲೇಡಲ್ಲಿ ಮಾಡಿದ್ರೆ ಅಂಚು ಹಿಂಜುತ್ತೆ.

ಗಮ್ ವಿಷಯಕ್ಕೆ ಬಂದ್ರೆ ನಾನೇ ಕೆಟ್ಟು ಕಲಿತವನು. ನನ್ನ ಮೊದಲನೇ ಪೆಟ್ಟಿಗೆಗೆ ಶಿರಸಿ ಮನೇಲಿ ಜುಲೈ ತಿಂಗಳಲ್ಲಿ ಬಿಳಿ ಫೆವಿಕಾಲ್ ಹಚ್ಚಿ ರೆಕ್ಸಿನ್ ಎಳೆದೆ. ಹತ್ತು ದಿನ ಆದ್ರೂ ಒಳಗೆ ಹಸಿ ಹಸಿ, ಯಾಕಂದ್ರೆ ಬಿಳಿ ಗಮ್‌ನಲ್ಲಿರೋ ನೀರು ಆರಬೇಕು, ರೆಕ್ಸಿನ್ ಆ ನೀರನ್ನ ಹೊರಗೆ ಬಿಡಲ್ಲ, ಮರ ಮೊದಲೇ ಮಳೆಗಾಲದ ತೇವ ಕುಡಿದು ಕೂತಿದೆ. ಕೊನೆಗೆ ಗುಳ್ಳೆ ಎದ್ದು ಬೂಸ್ಟು ಹಿಡಿದು ಇಡೀ ಕೋಣೆ ವಾಸನೆ, ಕಿತ್ತು ಬಿಸಾಕಿದೆ. ಬಟ್ಟೆಗೆ ಬಿಳಿ ಗಮ್ ಸರಿ, ರೆಕ್ಸಿನ್‌ಗೆ ಎಸ್‌ಆರ್ 998 ಥರದ ರಬ್ಬರ್ ಗಮ್ ಬೇಕು. ಮರಕ್ಕೂ ರೆಕ್ಸಿನ್ ಹಿಂಬದಿಗೂ ಎರಡೂ ಕಡೆ ಬಳಿದು, ಬೆರಳಿಗೆ ಅಂಟದಷ್ಟು ಆರೋವರೆಗೆ ಬಿಟ್ಟು ಆಮೇಲೆ ಒತ್ತಿ. ಒಂದ್ಸಲ ಕೂತ್ರೆ ಸರಿಸೋಕೆ ಆಗಲ್ಲ, ಒಬ್ಬರು ಆ ಕಡೆ ಹಿಡ್ಕೊಳ್ಳೋಕೆ ಇರಲಿ. ಜೋರು ಮಳೆ ದಿನ ಇದೂ ಕೈ ಕೊಡುತ್ತೆ, ಅದರ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳೀಲಿರೋ ತೇವ ಗಮ್ ಮೇಲೇ ಕೂರುತ್ತೆ. ದೀಪಾವಳಿ ಕಳೆದ ಮೇಲೆ, ಬಿಸಿಲು ಕಂಡ ದಿನ ಮಾಡಿ. ಬೇಗ ಆರಲಿ ಅಂತ ಬಚ್ಚಲ ಒಲೆ ಹತ್ರ ಮಾತ್ರ ಇಡಬೇಡಿ, ಆ ಗಮ್ ಆವಿಗೆ ಭಗ್ ಅಂತ ಬೆಂಕಿ ಹತ್ತುತ್ತೆ.

ಮುಂದಿನ ಬಟ್ಟೆನ ನೇರ ಪೆಟ್ಟಿಗೆಗೆ ಅಂಟಿಸಬೇಡಿ. ಸ್ಪೀಕರ್ ಕೂರೋ ಹಲಗೆಗೆ ಎಳೆದು ಹಿಂದಿನಿಂದ ಸ್ಟೇಪ್ಲರ್ ಗನ್ ಹೊಡೀರಿ, ನಾಳೆ ಹಾಳಾದ್ರೆ ಬಿಚ್ಚಬಹುದು. ಮೊದಲು ನಾಲ್ಕೂ ಬದಿ ನಡುವಿಗೆ ಒಂದೊಂದು ಪಿನ್, ಆಮೇಲೆ ಮೂಲೆ ಕಡೆ ಹೋಗಿ, ಗೀಟು ಇರೋ ಬಟ್ಟೆ ಆದ್ರೆ ಪ್ರತಿ ಪಿನ್‌ಗೂ ಮುಂದೆ ತಿರುಗಿ ಗೀಟು ನೆಟ್ಟಗಿದೆಯಾ ನೋಡಿ. ಸಡಿಲ ಬಿಟ್ರೆ ದಪ್ಪ ತಂತಿ ಮೀಟಿದಾಗ ಬರ್ರ್ ಅಂತ ಸದ್ದು ಬರುತ್ತೆ, ಸ್ಪೀಕರ್ ಹರಿದಿದೆ ಅಂತ ಸುಮ್ಮನೆ ಗಾಬರಿ ಬೀಳ್ತೀರಿ.

ಇನ್ನೊಂದು, ನಿಮ್ಮದು ವಾಲ್ವ್ ಆಂಪ್ (ಹಳೇ ರೇಡಿಯೋ ಥರ ಒಳಗೆ ಬಿಸಿಯಾಗೋ ಗಾಜಿನ ಕೊಳವೆ ಇರೋದು) ಆಗಿದ್ರೆ ಹಿಂಬದಿಗೆ ಬಟ್ಟೆ ಹೊದಿಸಲೇಬೇಡಿ, ಶಾಖ ಹೊರಗೆ ಹೋಗಬೇಕು. ಕೆಲಸ ಶುರು ಮಾಡೋ ಮುಂಚೆ ಚಾಸಿಸ್ಸನ್ನ, ಅಂದ್ರೆ ಆಂಪ್ ಸರ್ಕ್ಯೂಟ್ ಕೂತಿರೋ ಲೋಹದ ಚೌಕಟ್ಟನ್ನ, ಕೆಲಸ ಗೊತ್ತಿರೋರಿಂದ ಬಿಚ್ಚಿಸಿ ಪಕ್ಕಕ್ಕಿಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ನಿಂತಿರಬಹುದು.

ಪ್ರಶ್ನೆ: ಅಡಿಕೆ ತುಂಬಿದ ಗೋಣಿಚೀಲದ ಬಟ್ಟೆ ಸ್ಪೀಕರ್ ಮುಂದೆ ಹಾಕಿದ್ರೆ ಹೇಗೆ?
(ಒಬ್ಬ ಓದುಗ, ಶಿರಸಿ)

ಉತ್ತರ: ಊದೋ ಪರೀಕ್ಷೇಲಿ ಗೋಣಿ ಫಸ್ಟ್ ಕ್ಲಾಸ್ ಪಾಸು. ಆದ್ರೆ ತೊಳೆದು ಒಣಗಿಸಿ ಇಸ್ತ್ರಿ ಮಾಡಿ ಹಾಕಿ, ಇಲ್ದಿದ್ರೆ ನಾರು ಉದುರುತ್ತೆ, ಮಳೆಗಾಲದಲ್ಲಿ ಅಂಗಡಿ ಗೋದಾಮಿನ ವಾಸನೆ ಬೇರೆ. ಮತ್ತೆ ಹಲಗೆಗೆ ಮೊದಲೇ ಕಪ್ಪು ಬಣ್ಣ ಹಚ್ಚಿ, ಗೋಣಿ ಕಣ್ಣು ದೊಡ್ಡದು, ಒಳಗಿನ ಬಿಳಿಚಿದ ಪ್ಲೈ ದೂರದಿಂದಲೇ ಕಾಣುತ್ತೆ.