38 ರೂಪಾಯಿಯ ಷೇರು ಅಗ್ಗವೇ?

ಪ್ರಶ್ನೆ: ಭಾಂಡೂಪಿನಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇದೆ, ತೆಗೆದುಕೊಂಡು 22 ವರ್ಷವಾಯಿತು. ಈಗ ಮಗ ಗಲ್ಲಾದಲ್ಲಿ ಕೂರುವುದರಿಂದ ನನಗೆ ಸ್ವಲ್ಪ ಬಿಡುವು. ಎರಡು ಷೇರು ನೋಡಿಟ್ಟಿದ್ದೇನೆ. ಒಂದಕ್ಕೆ 38 ರೂಪಾಯಿ, ಇನ್ನೊಂದಕ್ಕೆ 2,400. 38ರದ್ದೇ ಅಗ್ಗ ಅಲ್ವಾ, ಕೈತುಂಬ ಷೇರು ಬರುತ್ತದೆ. ಪುಣೆಯಲ್ಲಿರುವ ಅಳಿಯ ಮಾತ್ರ, "ಮಾವ, ರೇಟು ನೋಡಬೇಡಿ, ಪಿ.ಇ. ನೋಡಿ. ಹತ್ತರೊಳಗೆ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ" ಎನ್ನುತ್ತಾನೆ. ಯಾರ ಮಾತು ಸರಿ?
– ಹೆಸರು ಬೇಡ ಎಂದವರು, ಭಾಂಡೂಪ್

ಉತ್ತರ: ಶೆಟ್ರೇ ಎನ್ನಲೇ? ಮುಂಬೈಯಲ್ಲಿ ಗಲ್ಲಾದ ಹಿಂದೆ ಕೂತವರನ್ನೆಲ್ಲ ಹಾಗೆ ಕರೆದೇ ನನಗೆ ರೂಢಿ. ನಾನೂ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಕನ್ನಡ ರಾತ್ರಿಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿ, ಆಮೇಲೆ ದಲಾಲ್ ಸ್ಟ್ರೀಟಿನ ಬ್ರೋಕರ್ ಆಫೀಸಿಗೆ ಗುಮಾಸ್ತನಾಗಿ ಹೋದವನು. ಹಾಗಾಗಿ ಎರಡೂ ಕಡೆಯ ಲೆಕ್ಕ ಗೊತ್ತು.

ಇಬ್ಬರದ್ದೂ ತಪ್ಪು. ನಿಮ್ಮದು ಸ್ವಲ್ಪ ಜಾಸ್ತಿ.

22 ವರ್ಷದ ಹಿಂದೆ ಈ ಹೋಟೆಲ್ ತೆಗೆದುಕೊಳ್ಳುವಾಗ ಏನು ಮಾಡಿದ್ದಿರಿ, ನೆನಪು ಮಾಡಿಕೊಳ್ಳಿ. ಮಾರುವವನು ಹೇಳಿದ ವ್ಯಾಪಾರವನ್ನು ನಂಬಿರಲಿಕ್ಕಿಲ್ಲ. ಬೆಳಿಗ್ಗೆ ಏಳಕ್ಕೇ ಎದುರಿನ ಪಾನ್ ಅಂಗಡಿ ಹತ್ತಿರ ನಿಂತು ಗಿರಾಕಿ ಎಣಿಸಿರುತ್ತೀರಿ. ಹಾಲಿನವನನ್ನು ಮೆಲ್ಲನೆ ಬದಿಗೆ ಕರೆದು "ಇಲ್ಲಿಗೆ ದಿನಕ್ಕೆ ಎಷ್ಟು ಲೀಟರ್ ಹಾಕ್ತೀಯ?" ಎಂದು ಕೇಳಿರುತ್ತೀರಿ. ಗಲ್ಲಾ ಸುಳ್ಳು ಹೇಳಬಹುದು, ಹಾಲು ಹೇಳುವುದಿಲ್ಲ. ಷೇರಿಗೂ ಇದೇ ಕೆಲಸ ಮಾಡಬೇಕು. ವ್ಯತ್ಯಾಸ ಇಷ್ಟೇ, ಹಾಲಿನವನ ಬದಲು ವಾರ್ಷಿಕ ವರದಿಯನ್ನು ಕೇಳಬೇಕು.

ಒಂದು ಹೋಟೆಲಿನ ಗಲ್ಲಾ ದಿನಕ್ಕೆ 40,000, ತಿಂಗಳಿಗೆ 12 ಲಕ್ಷ ಎಂದಿಟ್ಟುಕೊಳ್ಳಿ. ಸಾಮಾನು, ಸಂಬಳ, ಬಾಡಿಗೆ, ಗ್ಯಾಸು, ತೆರಿಗೆ ಎಲ್ಲ ಕಳೆದು ಒಂದೂವರೆ ಲಕ್ಷ ಉಳಿಯುತ್ತದೆ. ವರ್ಷಕ್ಕೆ 18 ಲಕ್ಷ. ಮಾರುವವನು ಕೇಳುವುದು 1.8 ಕೋಟಿ. ಅಂದರೆ ಹತ್ತು ವರ್ಷದ ಲಾಭ. ಅಳಿಯ ಹೇಳುವ ಪಿ.ಇ. ಹತ್ತು ಎಂದರೆ ಇದೇ, ಬೇರೆ ಮಂತ್ರ ಏನಿಲ್ಲ. ಈಗ ಆ ಹೋಟೆಲನ್ನು 18,000 ಪಾಲು ಮಾಡಿದರೆ ಒಂದು ಪಾಲಿಗೆ 1,000 ರೂಪಾಯಿ, ಅದರ ದುಡಿಮೆ 100. 1,80,000 ಪಾಲು ಮಾಡಿದರೆ ಬೆಲೆ 100, ದುಡಿಮೆ 10. ಹೋಟೆಲ್ ಅದೇ, ಇಡ್ಲಿಯೂ ಅದೇ. ಬರೀ ಪಾಲಿನ ಬೆಲೆ ನೋಡಿ ಅಗ್ಗ ಎನ್ನುವುದು ಹೇಗೆ?

ನೀವು ಬರೆದ ಎರಡೂ ಕಂಪನಿಗಳ ಲೆಕ್ಕ ತೆಗೆದು ನೋಡಿದೆ. (ಹೆಸರು ಹಾಕುವುದಿಲ್ಲ. ನಾನು ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರ ಅಲ್ಲ, ಟಿಪ್ ಕೊಡುವ ಚಟವೂ ಇಲ್ಲ.) 38 ರೂಪಾಯಿಯ ಷೇರು ವರ್ಷಕ್ಕೆ ದುಡಿದದ್ದು 50 ಪೈಸೆ. 76 ವರ್ಷದ ಲಾಭವನ್ನು ಈಗಲೇ ಕೊಡಿ ಎಂದು ಕೇಳುತ್ತಿದೆ. 2,400ರದ್ದು ದುಡಿದದ್ದು 120. ಅದಕ್ಕೆ 20 ವರ್ಷ. ತುಟ್ಟಿ ಯಾವುದು ಎಂದು ನೀವೇ ಹೇಳಿ.

20 ವರ್ಷವೂ ಕಡಿಮೆಯೇನಲ್ಲ. ತಿರುಗಿಸಿ ನೋಡಿದರೆ 100 ರೂಪಾಯಿಗೆ ವರ್ಷಕ್ಕೆ 5 ರೂಪಾಯಿ ದುಡಿಮೆ. ಎಫ್.ಡಿ.ಯಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತಿದ್ದರೆ ಷೇರು ಯಾಕೆ? ಎಫ್.ಡಿ. ಬಡ್ಡಿ ಬೆಳೆಯುವುದಿಲ್ಲ, ವ್ಯಾಪಾರ ಬೆಳೆಯಬಹುದು ಎಂಬ ಆಸೆಗೆ. ಲಾಭ ವರ್ಷಕ್ಕೆ ಶೇಕಡಾ 15ರಂತೆ ಬೆಳೆದರೆ ಐದು ವರ್ಷದಲ್ಲಿ 120 ಇದ್ದದ್ದು 240 ಆಗುತ್ತದೆ. ನೀವು ಕೊಟ್ಟ ಬೆಲೆಗೆ ಶೇಕಡಾ 10. ಶೇಕಡಾ 5ರಂತೆ ಮಾತ್ರ ಬೆಳೆದರೆ 153. ಶೇಕಡಾ ಆರೂವರೆಯೂ ಮುಟ್ಟುವುದಿಲ್ಲ. ಬಡ್ಡಿಯಾದರೆ ಪೂರ್ತಿ ಕೈಗೆ ಬರುತ್ತದೆ. ಲಾಭದಲ್ಲಿ ಕೈಗೆ ಬರುವುದು ಡಿವಿಡೆಂಡ್ ಮಾತ್ರ, ಉಳಿದದ್ದು ಕಂಪನಿಯಲ್ಲೇ. ಹಾಗಾಗಿ ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಇದು: ಈ ಬೆಲೆ ಸರಿ ಅನ್ನಿಸಬೇಕಾದರೆ ಲಾಭ ಎಷ್ಟು ಬೆಳೆಯಬೇಕು? ಹಿಂದಿನ ಹತ್ತು ವರ್ಷದಲ್ಲಿ ಅಷ್ಟು ಬೆಳೆದದ್ದು ಉಂಟಾ? ಆ 2,400ರ ಕಂಪನಿ ಶೇಕಡಾ 11ರಂತೆ ಬೆಳೆದಿದೆ. ಸುಮಾರು ಸರಿಯಾದ ಬೆಲೆ ಎನ್ನುತ್ತೇನೆ. ಅಗ್ಗ ಎನ್ನುವುದಿಲ್ಲ.

ಈಗ ಅಳಿಯನ ಮಾತಿಗೆ ಬರೋಣ. ಗಣಪತಿ ಹಬ್ಬದ ಹತ್ತು ದಿನ ಮುಂಬೈಯ ಲಾಲ್‌ಬಾಗಿನ ಹೋಟೆಲಿನಲ್ಲಿ ಕೂತು ಗಲ್ಲಾ ನೋಡಿ, ಅದನ್ನೇ 365 ದಿನಕ್ಕೆ ಗುಣಿಸಿದರೆ ಯಾವ ಹೋಟೆಲೂ ಅಗ್ಗವಾಗಿ ಕಾಣುತ್ತದೆ. ಉಕ್ಕು, ಸಕ್ಕರೆ, ಸಿಮೆಂಟ್ ಕಂಪನಿಗಳದ್ದು ಇದೇ ಕತೆ. ಸರಕಿನ ರೇಟು ಏರಿದ ವರ್ಷ ಲಾಭ ಉಕ್ಕುತ್ತದೆ, ಪಿ.ಇ. ಐದು-ಆರಕ್ಕೆ ಇಳಿಯುತ್ತದೆ. ಮುಂದೆ ರೇಟು ಬೀಳುತ್ತದೆ ಎಂದು ಪೇಟೆಗೆ ಗೊತ್ತಿರುವುದರಿಂದಲೇ ಪಿ.ಇ. ಅಷ್ಟು ಕಡಿಮೆ. ಇಂಥವುಗಳಿಗೆ ಏಳೆಂಟು ವರ್ಷದ ಲಾಭದ ಸರಾಸರಿ ಹಿಡಿಯಬೇಕು. ಬ್ಯಾಂಕಾದರೆ ಪಿ.ಇ.ಗಿಂತ ಪುಸ್ತಕ ಬೆಲೆಯ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) ಎಷ್ಟು ಪಟ್ಟು ಎಂದು ನೋಡುವುದು ವಾಸಿ, ವಸೂಲಾಗದ ಸಾಲ ಎಷ್ಟಿದೆ ಎಂಬುದರ ಜೊತೆಗೆ.

ಇನ್ನೂ ಒಂದಿದೆ. ಪರೇಲಿನ ಗಿರಣಿ ಜಾಗಗಳು ಹೇಗೆ ಕೈಬದಲಾದವು ಎಂದು ನೀವೂ ಕಂಡಿದ್ದೀರಿ. ಹಳೇ ಜಾಗ ಮಾರಿದ ವರ್ಷ ಕಂಪನಿಯ ಲಾಭ ಆಕಾಶಕ್ಕೆ ಹೋಗುತ್ತದೆ. ಮುಂದಿನ ವರ್ಷ ಮಾರಲು ಜಾಗ ಎಲ್ಲಿದೆ? ಫಲಿತಾಂಶದಲ್ಲಿ "ಇತರ ಆದಾಯ" ಎಂದೂ "ಎಕ್ಸೆಪ್ಷನಲ್ ಐಟಂ" (ಅಪರೂಪಕ್ಕೆ ಬರುವ ಬಾಬತ್ತು) ಎಂದೂ ಸಾಲುಗಳಿರುತ್ತವೆ. ಅವನ್ನು ಕಳೆದು ಲೆಕ್ಕ ಹಾಕಿ. ಉದ್ರಿಯನ್ನೂ ನೋಡಿ. ಆಫೀಸಿನವರಿಗೆ ತಿಂಗಳ ಖಾತೆಯಲ್ಲಿ ಊಟ ಹಾಕಿ, ದುಡ್ಡು ಬರದಿದ್ದರೂ ಪುಸ್ತಕದಲ್ಲಿ ವ್ಯಾಪಾರ ಆದಂತೆಯೇ ಅಲ್ವಾ. ವಾರ್ಷಿಕ ವರದಿಯ ನಗದು ಹರಿವಿನ ಪುಟದಲ್ಲಿ ವ್ಯಾಪಾರದಿಂದ ಬಂದ ನಗದು ಎಷ್ಟೆಂದು ಇರುತ್ತದೆ. ಐದು ವರ್ಷದ ಲಾಭ ಕೂಡಿಸಿ, ಐದು ವರ್ಷದ ಆ ನಗದೂ ಕೂಡಿಸಿ, ಎರಡನ್ನೂ ಹೋಲಿಸಿ. ನಿಮ್ಮ 38 ರೂಪಾಯಿಯ ಕಂಪನಿಯಲ್ಲಿ ಆ ನಗದು, ಲಾಭದ ಕಾಲು ಭಾಗದಷ್ಟೂ ಇಲ್ಲ. ಅದರ ಮೇಲೆ ಮಾಲೀಕರು ತಮ್ಮ ಷೇರಿನಲ್ಲಿ ಅರ್ಧದಷ್ಟು ಅಡವಿಟ್ಟಿದ್ದಾರೆ. ಅಡವಿನ ಲೆಕ್ಕ ಮೂರು ತಿಂಗಳಿಗೊಮ್ಮೆ ಬಿಎಸ್‌ಇ (ಮುಂಬೈ ಷೇರುಪೇಟೆ) ತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಇಷ್ಟೆಲ್ಲ ಹೇಳುವ ನಾನು ಏನು ಮಾಡಿದೆ ಗೊತ್ತಾ? 1992. ಆಗ ಸ್ಕ್ರೀನ್ ಇರಲಿಲ್ಲ, ಷೇರುಪೇಟೆಯ ರಿಂಗಿನಲ್ಲಿ ಕೂಗಿಯೇ ಸೌದಾ. ಬ್ರೋಕರ್ ಹರ್ಷದ್ ಮೆಹ್ತಾರ ಭರಾಟೆಯಲ್ಲಿ ಎಸಿಸಿ ಎಂಬ ಸಿಮೆಂಟ್ ಕಂಪನಿಯ ಷೇರು ಸುಮಾರು 200ರಿಂದ 9,000ದ ಹತ್ತಿರ ಹೋಗಿತ್ತು. ಅವರ ವಾದ ಕೇಳಲು ಚೆನ್ನಾಗಿತ್ತು: ಇಂಥ ಕಾರ್ಖಾನೆಯನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟು ಬೇಕು, ಷೇರಿನ ಬೆಲೆಯನ್ನು ಅದರ ಮೇಲೆ ನೋಡಿ ಎಂದು. ನಾನೂ ಅದೇ ಲೆಕ್ಕ ಹಿಡಿದು ಬೇರೊಂದು ಸಿಮೆಂಟ್ ಕಂಪನಿಯ 50 ಷೇರು ತೆಗೆದುಕೊಂಡೆ. ಕಟ್ಟಲು ಎಷ್ಟು ಬೇಕು ಎನ್ನುವುದು ಬೇರೆ, ಕಟ್ಟಿದ್ದು ಎಷ್ಟು ದುಡಿಯುತ್ತದೆ ಎನ್ನುವುದು ಬೇರೆ. ನೆಲಕ್ಕೆ ಮಾರ್ಬಲ್ ಹಾಕಿದ ಮಾತ್ರಕ್ಕೆ ಗಿರಾಕಿ ಬರುತ್ತಾರಾ? ಹೋಟೆಲಿನಲ್ಲಿ ಬೆಳೆದವನಿಗೆ ಆಗ ಅದು ಹೊಳೆಯಲಿಲ್ಲ. ಏಪ್ರಿಲ್‌ನಲ್ಲಿ, ಅವರು ಬ್ಯಾಂಕುಗಳ ಹಣವನ್ನು ಷೇರಿಗೆ ಹಾಕಿದ್ದ ಹಗರಣ ಹೊರಬಂತು, ಷೇರು ಬಿತ್ತು. ಕುಂದಾಪುರದ ಮನೆಯ ಮಾಡು ರಿಪೇರಿಗೆಂದು ಕೂಡಿಟ್ಟ ಹಣ ಅದು. ಆ ಮಳೆಗಾಲವೂ ಅಮ್ಮ ಸೋರುವ ಕಡೆಯಲ್ಲೆಲ್ಲ ಕೊಡಪಾನ ಇಟ್ಟರು. ಕಾಗದದ ಷೇರುಪತ್ರ ಇನ್ನೂ ಡೊಂಬಿವಲಿಯ ಟ್ರಂಕಿನಲ್ಲಿದೆ, ಡಿಮ್ಯಾಟ್ (ಕಾಗದ ಬಿಟ್ಟು ಕಂಪ್ಯೂಟರ್ ಖಾತೆಗೆ) ಮಾಡಿಸಲೂ ಮನಸ್ಸು ಬರಲಿಲ್ಲ.

ಪ್ರಶ್ನೆ: ನಾನು ನೋಡುತ್ತಿದ್ದ ಷೇರು ಒಂದೇ ದಿನದಲ್ಲಿ ಅರ್ಧ ಬೆಲೆಗೆ ಬಂದಿದೆ. ಈಗ ತೆಗೆದುಕೊಳ್ಳಲೇ?
– ವಿದ್ಯಾರ್ಥಿನಿ, ಪುಣೆ

ಉತ್ತರ: ಮೊದಲು ಬೋನಸ್ (ಪುಕ್ಕಟೆ ಷೇರು) ಕೊಟ್ಟರಾ ನೋಡಮ್ಮ. ಒಂದಕ್ಕೊಂದು ಬೋನಸ್ ಆದರೆ ಷೇರು ಎರಡಾಗುತ್ತದೆ, ಬೆಲೆ ಅರ್ಧವಾಗುತ್ತದೆ, ಒಂದೊಂದರ ದುಡಿಮೆಯೂ ಅರ್ಧ. ಅಗ್ಗ ಆದದ್ದು ಏನೂ ಇಲ್ಲ. ಬೋನಸ್, ಸ್ಪ್ಲಿಟ್ (ಒಂದು ಷೇರನ್ನು ಹಲವು ಪಾಲು ಮಾಡುವುದು) ಎರಡೂ ಅಲ್ಲದೆ ಬಿದ್ದಿದ್ದರೆ ಕಾರಣ ತಿಳಿಯುವ ತನಕ ಸುಮ್ನೆ ಇರು.

ಪ್ರಶ್ನೆ: ಹೊಸ ಐಪಿಒ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು) ಒಂದಕ್ಕೆ ಗ್ರೇ ಮಾರ್ಕೆಟ್‌ನಲ್ಲಿ 80 ರೂಪಾಯಿ ಪ್ರೀಮಿಯಂ ಇದೆಯಂತೆ. ಅಂದರೆ ಬೆಲೆ ಸರಿಯಾಗಿದೆ ಎಂದೇ ಅಲ್ಲವೇ?
– ಗೃಹಿಣಿ, ವಾಶಿ

ಉತ್ತರ: ಅಲ್ಲ. ಷೇರು ಪೇಟೆಗೆ ಬರುವ ಮೊದಲೇ ಹೊರಗಿಂದ ಹೊರಗೆ ಸೌದಾ ನಡೆಯುವ ಗ್ರೇ ಮಾರ್ಕೆಟ್‌ಗೆ ಯಾರ ಮೇಲ್ವಿಚಾರಣೆಯೂ ಇಲ್ಲ. ಅದು ಇವತ್ತಿನ ಉಮೇದು ಮಾತ್ರ, ನಾಳೆ ಬೆಳಿಗ್ಗೆ ಇಳಿದಿರಬಹುದು. ಕಂಪನಿಯ ಪ್ರಾಸ್ಪೆಕ್ಟಸ್ (ಐಪಿಒದ ಮಾಹಿತಿ ಪುಸ್ತಕ) ಡೌನ್‌ಲೋಡ್ ಮಾಡಿ. ಅದರಲ್ಲಿ "ಬೇಸಿಸ್ ಫಾರ್ ಆಫರ್ ಪ್ರೈಸ್" ಎಂಬ ಅಧ್ಯಾಯ ಇರುತ್ತದೆ. ಅದೇ ವ್ಯಾಪಾರದ ಬೇರೆ ಕಂಪನಿಗಳ ಪಿ.ಇ. ಎಷ್ಟು, ಇವರು ಕೇಳುತ್ತಿರುವುದು ಎಷ್ಟು ಎಂದು ಒಂದು ಪಟ್ಟಿಯಲ್ಲಿ ಸಿಗುತ್ತದೆ. ಹಾಗೇ "ಆಫರ್ ಫಾರ್ ಸೇಲ್" ಎಷ್ಟು, "ಫ್ರೆಶ್ ಇಶ್ಯೂ" ಎಷ್ಟು ನೋಡಿ. ಮೊದಲಿನದರ ದುಡ್ಡು ಷೇರು ಮಾರಿ ಹೊರಹೋಗುವ ಹಳಬರಿಗೆ, ಎರಡನೆಯದರ ದುಡ್ಡು ಕಂಪನಿಗೆ.